ಬನ್ಸ್ ಬೊಗಳುವುದಿಲ್ಲ

ಅಲೆವೂರು
14 ನವೆಂಬರ್ 2024

ಕಾಪುವಿನ ಹಫೀಝಾ ಅವರಿಗೆ,

ಮೊದಲು ನಾಯಿಗೆ ನೀರು ಕೊಡಿ, ಆಮೇಲೆ ಈ ಪತ್ರ ಓದಿ. ಅಲೆವೂರಿನಿಂದ ಕಾಪುವಿನ ತನಕ ಕಾರಿನಲ್ಲಿ ಬಂದಿದ್ದಾನೆ. ಕಾರು ಅಂದರೆ ಅವನಿಗೆ ಬಾಯಿ ಒಣಗುತ್ತದೆ.

ನಾನು ಮೋಹಿನಿ. ಮಣಿಪಾಲದ ವಿಜೇತಾ ಬೀದಿಯಲ್ಲಿ ಬಿದ್ದ ನಾಯಿಗಳನ್ನು ಎತ್ತಿ ತರುತ್ತಾಳೆ, ಕಾಯಂ ಮನೆ ಸಿಗುವ ತನಕ ಅವು ನನ್ನ ಮನೆಯಲ್ಲಿ ಇರುತ್ತವೆ. ಇಷ್ಟನ್ನು ಅವಳು ನಿಮಗೆ ಹೇಳಿರಬಹುದು. ನಾನು ಪ್ರತಿ ನಾಯಿಯ ಜೊತೆ ಒಂದು ಪತ್ರವನ್ನೂ ನನ್ನ ಹಳೆಯ ಸೀರೆಯ ಒಂದು ತುಂಡನ್ನೂ ಕಳುಹಿಸುತ್ತೇನೆ. ತುಂಡನ್ನು ಅವನು ಮಲಗುವಲ್ಲಿ ಹಾಸಿ. ಪತ್ರ ನಿಮಗೆ. ಹೆಣ್ಣು ಕೊಡುವಾಗ ಯಾರೂ ಪೂರ್ತಿ ನಿಜ ಹೇಳುವುದಿಲ್ಲ, ನಾನು ನಾಯಿ ಕೊಡುವಾಗ ನಿಜವನ್ನೇ ಹೇಳುತ್ತೇನೆ.

ಹೆಸರು ಬನ್ಸ್. ನಮ್ಮ ಮನೆಗೆ ಬಂದ ನಾಯಿ ಮೊದಲು ಎಂತ ತಿನ್ನುತ್ತದೋ ಅದೇ ಅದರ ಹೆಸರು. ಇವನಿಗೆ ಮುಂಚೆ ಮೂಡೆ ಇದ್ದಳು, ಅವಳಿಗೆ ಮುಂಚೆ ಪುಂಡಿ. ಇವನು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಕಾಲು ಮುರಿದು ಬಿದ್ದಿದ್ದ. ವಿಜೇತಾ ತಂದು ಜಗಲಿಯಲ್ಲಿ ಇಳಿಸಿದಾಗ ನಾನು ಚಹಾ ಕುಡಿಯುತ್ತಿದ್ದೆ. ನನ್ನ ತಟ್ಟೆಯ ಬನ್ಸು ಹೋಯಿತು, ಅವನಿಗೆ ಹೆಸರು ಬಂತು. ಎಂಟು ತಿಂಗಳು ಇಲ್ಲಿದ್ದ. ಕಾಲು ಈಗ ಸರಿ ಉಂಟು, ಮಳೆ ಬರುವ ದಿನ ಮಾತ್ರ ಸ್ವಲ್ಪ ಕುಂಟುತ್ತಾನೆ.

ನಿಮಗೆ ಕಾವಲಿಗೆ ನಾಯಿ ಬೇಕಂತೆ. ಇವನಷ್ಟು ಒಳ್ಳೆಯ ಕಾವಲುಗಾರ ಸಿಗಲಿಕ್ಕಿಲ್ಲ. ಇವನು ಇದ್ದಷ್ಟು ದಿನ ಗೇಟಿಗೆ ಮೀನಿನವನು ಬರಲಿ, ಕರೆಂಟ್ ಬಿಲ್ಲಿನವನು ಬರಲಿ, ನನಗೆ ಗೊತ್ತಾಗದೆ ಹೋದದ್ದಿಲ್ಲ.

ನಾಯಿ ಕೊಂಡುಹೋಗುವ ಎಲ್ಲರಿಗೂ ಮೂರು ಪ್ರಶ್ನೆ ಕೇಳುತ್ತೇನೆ. ಗೇಟಿನ ಚಿಲಕ ಗಟ್ಟಿ ಉಂಟಾ? ನೀವು ಊರಿಗೆ ಹೋದರೆ ಅನ್ನ ಹಾಕುವವರು ಯಾರು? ಅವನು ಮುದಿಯಾದ ಮೇಲೂ ಇಟ್ಟುಕೊಳ್ಳುತ್ತೀರಾ? ಉತ್ತರವನ್ನು ಪತ್ರದಲ್ಲಿಯೇ ಬರೆಯಿರಿ, ಫೋನ್ ಮಾಡಬೇಡಿ. ಅಲೆವೂರಿನಲ್ಲಿ ಟವರ್ ಸರಿ ಇಲ್ಲ, ಮೊಬೈಲಿನಲ್ಲಿ ಬರೀ ಗೊರಗೊರ. ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸರ್ವಿಸ್ ಮುಗಿಸಿದವಳು ನಾನು. ಬೊಂಬಾಯಿಯ ಟ್ರಂಕ್ ಕಾಲಿನಲ್ಲಿ ಪಿಸುಗುಟ್ಟಿದ್ದೂ ಕೇಳುತ್ತಿತ್ತು. ಈಗಿನ ಫೋನುಗಳಿಗೆ ಗಂಟಲೇ ಇಲ್ಲ.

ನೀವೇ ಇಟ್ಟುಕೊಳ್ಳಬಾರದಾ ಎಂದು ನೆರೆಮನೆಯ ಸರಸ ಕೇಳಿದಳು. ಸಾಕುವುದು ನನ್ನ ಕೆಲಸ, ಇಟ್ಟುಕೊಳ್ಳುವುದಲ್ಲ. ಒಂದನ್ನು ಇಟ್ಟುಕೊಂಡರೆ ಮುಂದೆ ಬರುವವಕ್ಕೆ ಬಾಗಿಲು ಮುಚ್ಚಿದ ಹಾಗೆ. ನಾನು ಅಳಲಿಲ್ಲ ಎಂದು ಅವನಿಗೆ ಹೇಳಿ.

ಇತಿ,
ಮೋಹಿನಿ ದೇವದಾಸ


ಕಾಪು
27 ನವೆಂಬರ್ 2024

ಮೋಹಿನಿ ಅಕ್ಕನಿಗೆ ಸಲಾಂ,

ಅಕ್ಕ ಎಂದು ಕರೆದದ್ದಕ್ಕೆ ಬೇಸರ ಇಲ್ಲವಲ್ಲ? ಗೇಟಿನ ಚಿಲಕ ಹೊಸತು. ನಾವು ಎಲ್ಲಿಗೂ ಹೋಗುವವರಲ್ಲ. ಹೋಗುವವರು ನನ್ನ ಗಂಡ ಸುಹೈಲ್ ಒಬ್ಬರೇ, ಅವರು ಸೌದಿಯ ದಮಾಮಿನಲ್ಲಿ ಕೆಲಸದಲ್ಲಿದ್ದಾರೆ. ಮೂರನೆಯ ಪ್ರಶ್ನೆಗೆ ಉತ್ತರ ನಾನು ಕೊಡುವ ಹಾಗಿಲ್ಲ, ನನ್ನ ಅತ್ತೆ ಕೊಡಬೇಕು. ಅವರ ಹೆಸರು ಫಾತಿಮಾ, ನಾನು ಉಮ್ಮ ಎನ್ನುತ್ತೇನೆ. ಈ ಮನೆಯಲ್ಲಿ ಅವರು ಸರಿ ಅಂದರೆ ಮಾತ್ರ ಸರಿ.

ನಾಯಿ ಬೇಕು ಎಂದವರೂ ಅವರೇ. ನಮ್ಮ ಮನೆ ಲೈಟ್‌ಹೌಸಿಗೆ ಹೋಗುವ ದಾರಿಯಲ್ಲಿ ಉಂಟು. ಶನಿವಾರ, ಆದಿತ್ಯವಾರ ಬೀಚಿಗೆ ಬಂದವರು ನಮ್ಮ ಅಂಗಳವನ್ನು ತಮ್ಮ ಅಜ್ಜನ ಜಾಗ ಎಂದು ತಿಳಿದುಕೊಳ್ಳುತ್ತಾರೆ. ಬೈಕ್ ಇಡುವವರು, ಬೊಂಡದ ಎಳನೀರು ಕುಡಿದು ಬುರುಡೆ ಎಸೆಯುವವರು, ತೆಂಗಿನ ಬುಡಕ್ಕೆ ನೀರು ಬಿಡುವವರು. ಉಮ್ಮ ವಿಜೇತಾಳಿಗೆ ಹೇಳಿದ್ದು ಒಂದೇ ಮಾತು: "ಕಚ್ಚುವ ನಾಯಿ ಬೇಡ ಮಗಳೇ, ಬೊಗಳುವ ನಾಯಿ ಬೇಕು."

ಅಕ್ಕ, ನಿಮ್ಮ ನಾಯಿ ಬೊಗಳುವುದಿಲ್ಲ.

ಊಟ ಮಾಡುತ್ತಾನೆ, ನಿಮ್ಮ ಸೀರೆಯ ಮೇಲೆ ಮಲಗುತ್ತಾನೆ, ಕೋಳಿಗಳ ತಂಟೆಗೆ ಹೋಗುವುದಿಲ್ಲ. ಎಲ್ಲ ಒಳ್ಳೆಯದೇ. ಆದರೆ ಯಾರಾದರೂ ಬಂದರೆ ಗೇಟಿನ ಕಡೆಗೆ ಓಡುವ ಬದಲು ನಮ್ಮ ಕಡೆಗೆ ಓಡಿ ಬರುತ್ತಾನೆ. ಬಂದು ಮೊಣಕಾಲಿನ ಹಿಂದೆ ಮೂಗು ಒತ್ತಿ ನಿಲ್ಲುತ್ತಾನೆ. ಒದ್ದೆ ಮೂಗು!

ನಮ್ಮಲ್ಲಿ ನಾಯಿ ಅಂಗಳದಲ್ಲಿ ಇರಬಹುದು, ಒಳಗೆ ಬರುವ ಹಾಗಿಲ್ಲ. ಅದರ ಒದ್ದೆ ಮೂಗು ಬಟ್ಟೆಗೆ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಅಷ್ಟಾಗದೆ ಆ ಬಟ್ಟೆಯಲ್ಲಿ ನಮಾಜ್ ಇಲ್ಲ. ಉಮ್ಮ ಹಿತ್ತಿಲಲ್ಲಿ ಮೀನು ಕೊಯ್ಯಲಿಕ್ಕೆ ಕೂತಾಗಲೇ ಪೋಸ್ಟಿನವನು ಬರುತ್ತಾನೆ, ಬನ್ಸ್ ಓಡಿಬಂದು ತಾಗಿಸುತ್ತಾನೆ, ಉಮ್ಮ "ಯಾ ಅಲ್ಲಾಹ್" ಎಂದು ಏಳುತ್ತಾರೆ. ದಿನಕ್ಕೆ ಮೂರು ಸೀರೆ. "ನಾಯಿಯ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ, ಅದರ ಮೂಗು ಮಾತ್ರ ಬೇಡ," ಎನ್ನುತ್ತಾರೆ. ಬಾಯಾರಿದ ಜೀವಕ್ಕೆ ನೀರು ಕೊಡುವುದು ಪುಣ್ಯ ಎಂದು ಅವನ ಬಟ್ಟಲು ತುಂಬಿಸುವವರೂ ಅವರೇ.

ಉಮ್ಮನ ತೀರ್ಮಾನ ಹೀಗೆ. ರಂಜಾನ್ ಬರುವ ತನಕ ನೋಡುತ್ತಾರೆ. ಅಷ್ಟರಲ್ಲಿ ಅವನು ಬೊಗಳಲಿಕ್ಕೆ ಕಲಿತು ತಾಗುವುದನ್ನು ಬಿಟ್ಟರೆ ಇಲ್ಲಿಯೇ ಇರುತ್ತಾನೆ. ಇಲ್ಲದಿದ್ದರೆ ವಾಪಸ್. ವಾಪಸಾದ ನಾಯಿಯ ಗತಿ ಎಂತ ಎಂದು ವಿಜೇತಾಳಲ್ಲಿ ಕೇಳಿದೆ. "ಒಮ್ಮೆ ಹಿಂದೆ ಬಂದ ದೊಡ್ಡ ನಾಯಿಯನ್ನು ಮತ್ತೆ ಯಾರೂ ಕೇಳುವುದಿಲ್ಲ," ಎಂದಳು.

ನಿಮ್ಮಲ್ಲಿ ಬೊಗಳುತ್ತಿದ್ದನಾ? ಹೇಗೆ ಬೊಗಳಿಸುತ್ತಿದ್ದಿರಿ? ನನಗೆ ಒಂದು ಚಾಳಿ ಉಂಟು ಅಕ್ಕ, ಒಂದು ವಿಷಯ ಯಾಕೆ ಹಾಗೆ ಎಂದು ಗೊತ್ತಾಗದಿದ್ದರೆ ಅನ್ನ ಇಳಿಯುವುದಿಲ್ಲ.

ನಿಮ್ಮ,
ಹಫೀಝಾ


ಅಲೆವೂರು
5 ಡಿಸೆಂಬರ್ 2024

ಹಫೀಝಾ,

ಅಕ್ಕ ಎಂದೇ ಕರೆಯಿರಿ, ಅಜ್ಜಿ ಎನ್ನದಿದ್ದರೆ ಸಾಕು.

ಬೊಗಳದ ನಾಯಿ ಎಂಬುದು ಲೋಕದಲ್ಲಿ ಉಂಟಾ ಮಾರಾಯ್ತಿ? "ನಮ್ಮಲ್ಲಿ ಧಾರಾಳ ಬೊಗಳುತ್ತಿದ್ದ" ಎಂದು ಬರೆಯಲು ಕೂತವಳು ಪೆನ್ನು ಕೆಳಗಿಟ್ಟೆ. ಅವನ ಬೊಗಳು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಪುಂಡಿಯದ್ದು ಗೊತ್ತುಂಟು, ಒಡೆದ ಹಂಡೆಗೆ ಬಡಿದ ಹಾಗೆ. ಬನ್ಸಿನದ್ದು ಮಾತ್ರ ನೆನಪಿಗೆ ಬರುವುದಿಲ್ಲ. ಅವನು ಬಾಯಿ ತೆರೆದದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಸ್ವರ ಇಲ್ಲ. ಮುದುಕಿಗೆ ಮರೆವು ಬಂತು ಎಂದು ನಗಬೇಡಿ.

ಮೂಗಿನ ವಿಷಯ ಹೌದು. ನನಗೂ ತಾಗಿಸುತ್ತಿದ್ದ. ನಾನು ಅದನ್ನು ಪ್ರೀತಿ ಎಂದು ತಿಳಿದಿದ್ದೆ. ಅವನು ತಾಗಿಸುವುದು, ನಾನು ಎದ್ದು ಹೊರಗೆ ನೋಡುವುದು, ಅಲ್ಲಿ ಯಾರಾದರೂ ನಿಂತಿರುವುದು. ಹಾಗೆ ನಡೆಯುತ್ತಿತ್ತು, ನಾನು ಅದರ ಬಗ್ಗೆ ಯೋಚಿಸಿದವಳೇ ಅಲ್ಲ.

ವಾಪಸ್ ಎಂಬ ಮಾತು ಓದಿ ನನಗೆ ರಾತ್ರಿ ಊಟ ಸೇರಲಿಲ್ಲ. ಇಷ್ಟು ನಾಯಿಗಳನ್ನು ಕೊಟ್ಟಿದ್ದೇನೆ, ಒಂದೂ ಹಿಂದೆ ಬರಲಿಲ್ಲ. ನಿಮ್ಮ ಉಮ್ಮನಿಗೆ ಹೇಳಿ, ಮೋಹಿನಿ ಯಾರಿಗೂ ಕೈ ಮುಗಿದು ಬೇಡಿದವಳಲ್ಲ, ಈಗ ಬೇಡುತ್ತಿದ್ದಾಳೆ. ಸ್ವಲ್ಪ ತಾಳಿಕೊಳ್ಳಲಿ.

ಇಲ್ಲಿ ಹೊಸ ಸುದ್ದಿ ಇಲ್ಲ. ಎರಡು ಮರಿ ತಂದುಕೊಡುತ್ತೇನೆ ಎಂದ ವಿಜೇತಾ ಇನ್ನೂ ಬಂದಿಲ್ಲ. ಮೀನಿನವನೂ ಈಗ ನಮ್ಮ ದಾರಿ ಬಿಟ್ಟಿದ್ದಾನೆ. ಕುಕ್ಕರಿನಲ್ಲಿ ಬೇಳೆ ಎರಡು ಸಲ ಸೀದು ಕರಿಯಾಯಿತು. ಈಗಿನ ಕುಕ್ಕರುಗಳು ಸರಿಯಾಗಿ ಕೂಗುವುದೇ ಇಲ್ಲ, ಎಲ್ಲ ಡೂಪ್ಲಿಕೇಟ್ ಮಾಲು.

ಇತಿ,
ಮೋಹಿನಿ


ಕಾಪು
22 ಡಿಸೆಂಬರ್ 2024

ಮೋಹಿನಿ ಅಕ್ಕನಿಗೆ ಸಲಾಂ,

ಕೂತು ಓದಿ. ನಾನು ಒಂದು ವಿಷಯ ಕಂಡುಹಿಡಿದಿದ್ದೇನೆ.

ಅವನು ಯಾವಾಗ ತಾಗಿಸುತ್ತಾನೆ ಎಂದು ನೋಡುತ್ತಾ ಕೂತೆ. ಗೇಟು ಅಲ್ಲಾಡಿದರೆ ಬರುತ್ತಾನೆ, ಕುಕ್ಕರ್ ಕೂಗಿದರೆ ಬರುತ್ತಾನೆ, ನನ್ನ ಮೊಬೈಲ್ ರಿಂಗ್ ಆದರೂ ಬರುತ್ತಾನೆ. ಹೈವೇಯ ಲಾರಿ ಎಷ್ಟು ಹಾರ್ನ್ ಹೊಡೆದರೂ ಕಿವಿ ಅಲ್ಲಾಡಿಸುವುದಿಲ್ಲ. ಮನೆಗೆ ಸಂಬಂಧಪಟ್ಟ ಶಬ್ದ ಯಾವುದು, ಊರಿನದ್ದು ಯಾವುದು ಎಂದು ಅವನಿಗೆ ಲೆಕ್ಕ ಉಂಟು.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಗೇಟಿನ ಶಬ್ದ ಆದ ಕೂಡಲೇ ನಾನು ತಿರುಗಿ ನೋಡಿದೆ. ಅವನು ಎದ್ದವನು ಮತ್ತೆ ಮಲಗಿದ! ಇನ್ನೊಂದು ಸಲ ಕೇಳಿಯೂ ಕೇಳದ ಹಾಗೆ ಕೂತೆ. ಓಡಿ ಬಂದು ಮೂಗು ಒತ್ತಿದ. ಎಷ್ಟು ಸಲ ಮಾಡಿದರೂ ಹಾಗೆಯೇ. ಅಂದರೆ ಎಂತ ಅಕ್ಕ? ಮನುಷ್ಯರಿಗೆ ಕಿವಿ ಕೇಳುವುದಿಲ್ಲ ಎಂದು ಅವನು ತಿಳಿದಿದ್ದಾನೆ. ಬೊಗಳಿ ಪ್ರಯೋಜನ ಇಲ್ಲ, ಮುಟ್ಟಿಯೇ ಹೇಳಬೇಕು ಎಂದು ಯಾರೋ ಅವನಿಗೆ ಕಲಿಸಿದ್ದಾರೆ. ಬಸ್ ಸ್ಟ್ಯಾಂಡಿಗೆ ಬೀಳುವ ಮುಂಚೆ ಕಾರ್ಕಳದಲ್ಲಿ ಅವನಿಗೆ ಒಂದು ಮನೆ ಇದ್ದಿರಬೇಕು, ಆ ಮನೆಯಲ್ಲಿ ಕಿವಿ ಕೇಳದವರು ಯಾರೋ ಇದ್ದಿರಬೇಕು. ಅಲ್ವಾ?

ಉಮ್ಮ ಇದನ್ನು ಕೇಳಿ ಎದ್ದು ಅಡಿಗೆಮನೆಗೆ ಹೋದರು. ಆಮೇಲೆ ಹಳೆಯ ಎರಡು ಸ್ಟೀಲ್ ಲೋಟಗಳನ್ನು ಹಗ್ಗಕ್ಕೆ ಪೋಣಿಸಿ, ಒಣಮೀನು ಉಜ್ಜಿ, ಹಿತ್ತಿಲ ಮೆಟ್ಟಿಲಿನ ಹತ್ತಿರ ಕಟ್ಟಿದರು. ಅವನು ಮೂಸಲಿಕ್ಕೆ ಬಂದು ಮೂಗು ತಾಗಿಸಿದರೆ ಲೋಟ ಕಿಣಿಕಿಣಿ ಎನ್ನುತ್ತದೆ, ಉಮ್ಮ ಎದ್ದು ಒಂದು ತುಂಡು ಮೀನು ಹಾಕುತ್ತಾರೆ. ಈಗ ಯಾರು ಬಂದರೂ ಅವನು ಲೋಟಕ್ಕೆ ಮೂಗು ಒತ್ತುತ್ತಾನೆ. ಸೀರೆ ಬಚಾವಾಯಿತು. "ನನಗೆ ಕಿವಿ ಕೇಳುತ್ತದೆ ಎಂದು ಅದಕ್ಕೆ ತಿಳಿಸಲಿಕ್ಕೆ ಇಷ್ಟು ದಿನ ಬೇಕಾಯಿತು," ಎಂದು ಉಮ್ಮ ನಗುತ್ತಾರೆ.

ಬೀಚಿನವರ ಕತೆ ಕೇಳಿ. ಅವನು ಗೇಟಿನ ಒಳಗೆ ಬಾಯಿ ಬಿಡದೆ ನಿಂತು ಅವರನ್ನೇ ನೋಡುತ್ತಾನೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತುಂಟಲ್ಲ? ಬೊಗಳದ ನಾಯಿ ಕಂಡರೆ ಅವರಿಗೆ ಪ್ರಾಣಭಯ. ಮೊನ್ನೆ ಒಬ್ಬ ಬೈಕನ್ನು ಇಲ್ಲೇ ಬಿಟ್ಟು ಓಡಿದ. ಮೂರನೆಯ ಪ್ರಶ್ನೆಗೆ ಉಮ್ಮನ ಉತ್ತರ ಬರೆಯುತ್ತೇನೆ: ಮುದಿಯಾದರೂ ಇರಲಿ, ನಾನೂ ಮುದಿಯೇ.

ಆದರೆ ಆ ಕಾರ್ಕಳದ ಮನೆ ನನ್ನ ತಲೆಯಿಂದ ಹೋಗುವುದಿಲ್ಲ.

ನಿಮ್ಮ,
ಹಫೀಝಾ


ಅಲೆವೂರು
4 ಜನವರಿ 2025

ಹಫೀಝಾ,

ನಿಮ್ಮ ಪತ್ರವನ್ನು ಸರಸಳಿಗೂ ಓದಿ ಹೇಳಿದೆ. ಎಷ್ಟು ಚುರುಕು ತಲೆ ಮಾರಾಯ್ತಿ ನಿಮ್ಮದು! ಸರಸ ಎಂತದೋ ಹೇಳಲಿಕ್ಕೆ ಬಾಯಿ ತೆರೆದವಳು ಹಾಗೆಯೇ ಎದ್ದು ಹೋದಳು. ಅವಳಿಗೆ ಇದೆಲ್ಲ ಅರ್ಥ ಆಗುವುದಿಲ್ಲ.

ಅವನು ಅಲ್ಲಿ ಉಳಿದ, ನನಗೆ ಎದೆಯ ಭಾರ ಇಳಿಯಿತು. ಆದರೆ ಈಗ ಇನ್ನೊಂದು ಚಿಂತೆ. ಕಾರ್ಕಳದ ಆ ಮನುಷ್ಯ. ಗಂಡೋ ಹೆಣ್ಣೋ, ಪಾಪ. ಬಾಗಿಲಿಗೆ ಯಾರು ಬಂದರು ಎಂದು ಈಗ ಅವರಿಗೆ ಹೇಗೆ ಗೊತ್ತಾಗುತ್ತದೆ? ಬಂದವರು ಕರೆದು ಕರೆದು ಹೋಗುತ್ತಾರೆ, ಇವರು ಒಳಗೆ ಕೂತು ನನ್ನನ್ನು ಯಾರೂ ನೋಡಲಿಕ್ಕೆ ಬರುವುದಿಲ್ಲ ಎಂದು ತಿಳಿಯುತ್ತಾರೆ. ಅದಕ್ಕಿಂತ ದೊಡ್ಡ ಒಂಟಿತನ ಉಂಟಾ? ಕಿವಿಯಿಂದಲೇ ಅನ್ನ ತಿಂದವಳು ನಾನು, ನನಗೆ ಅದು ಅರ್ಥ ಆಗುತ್ತದೆ. "ನಿನ್ನ ಕಿವಿ ಪಾತಾಳದ್ದನ್ನೂ ಕೇಳುತ್ತದೆ," ಎಂದು ನನ್ನ ಯಜಮಾನರು ದೇವದಾಸರು ಹೇಳುತ್ತಿದ್ದರು.

ನೀವು ಬೇಸರಿಸಬಾರದು. ನನ್ನ ಮನಸ್ಸಿನಲ್ಲಿದ್ದದ್ದನ್ನು ನೇರ ಬರೆಯುತ್ತೇನೆ. ಆ ಮನುಷ್ಯ ಸಿಕ್ಕಿದರೆ ನಾಯಿಯನ್ನು ಅವರಿಗೆ ಕೊಡಬೇಕು. ನಾನು ಎಂದೂ ಕೊಟ್ಟ ನಾಯಿಯನ್ನು ಹಿಂದೆ ಕೇಳಿದವಳಲ್ಲ, ಆದರೆ ಇದು ನ್ಯಾಯದ ಮಾತು. ನಿಮಗೆ ಅವನು ಕಾವಲುಗಾರ. ಅವರಿಗೆ ಅವನು ಕಿವಿ.

ಇಲ್ಲಿಗೆ ಬನ್ನಿ ಒಮ್ಮೆ, ಉಮ್ಮನನ್ನೂ ಕರೆದುಕೊಂಡು ಬನ್ನಿ. ಈಗೀಗ ನಮ್ಮ ಮನೆಗೆ ಯಾರೂ ಬರುವುದಿಲ್ಲ. ಮೊದಲು ಎಷ್ಟು ಜನ ಬರುತ್ತಿದ್ದರು! ಬನ್ಸ್ ಹೋದ ಮೇಲೆ ಎಲ್ಲರಿಗೂ ಎಂತ ಆಯಿತೋ.

ಇತಿ,
ಮೋಹಿನಿ


ಕಾಪು
20 ಜನವರಿ 2025

ಮೋಹಿನಿ ಅಕ್ಕನಿಗೆ ಸಲಾಂ,

ನಾವು ಬಂದಿದ್ದೆವು.

ಮೊದಲಿನಿಂದ ಬರೆಯುತ್ತೇನೆ. ಗುರುವಾರ ಉಮ್ಮ ಮತ್ತು ನಾನು ಬೆಳಿಗ್ಗೆಯೇ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆವು. ನಿಮ್ಮ ಮಾತು ನ್ಯಾಯದ್ದೇ ಎಂದು ಉಮ್ಮ ಹೇಳಿದ್ದರು, ಮುಖ ಮಾತ್ರ ಇಷ್ಟು ಸಣ್ಣ ಮಾಡಿಕೊಂಡಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಭೋಜ ಎಂಬವರ ಚಹಾದ ಅಂಗಡಿ ಉಂಟು. ಮೊಬೈಲಿನಲ್ಲಿ ಬನ್ಸಿನ ಫೋಟೋ ತೋರಿಸಿದೆ. ಅವರಿಗೆ ಗುರುತು ಸಿಕ್ಕಿತು.

"ಇದಕ್ಕೆ ಮನೆಯಾ? ಇದು ಇಲ್ಲಿ ನನ್ನ ಬೆಂಚಿನ ಅಡಿಯಲ್ಲೇ ಹುಟ್ಟಿದ್ದು ಮಾರಾಯ್ರೆ. ಈ ಸ್ಟ್ಯಾಂಡು ಬಿಟ್ಟು ಎಲ್ಲಿಗೂ ಹೋದದ್ದಲ್ಲ," ಎಂದರು. ಇದು ಬೊಗಳುವುದಿಲ್ಲವಲ್ಲ ಎಂದು ನಾನು ಕೇಳಿದೆ. ಭೋಜ ಚಹಾ ಹೊಯ್ಯುವುದನ್ನು ಬಿಟ್ಟು ನಕ್ಕರು. "ಬೊಗಳುವುದಿಲ್ಲವಾ! ಬಂದ ಬಸ್ಸಿಗೆಲ್ಲ ಬೊಗಳುತ್ತಿತ್ತು. ಬೊಗಳಲಿಕ್ಕೆ ಹೋಗಿಯೇ ಚಕ್ರಕ್ಕೆ ಕಾಲು ಕೊಟ್ಟದ್ದು."

ಕಾರ್ಕಳದಲ್ಲಿ ಅವನಿಗೆ ಯಾರೂ ಕಲಿಸಲಿಲ್ಲ ಅಕ್ಕ.

ಅಲ್ಲಿಂದ ಉಡುಪಿಗೆ ಬಂದು ಅಲೆವೂರಿನ ಬಸ್ಸು ಹಿಡಿದೆವು. ನಿಮಗೆ ಎಂದು ಉಮ್ಮ ಒಂದು ಡಬ್ಬ ತುಂಬ ತುಪ್ಪದ ತಿಂಡಿ ಮಾಡಿ ತಂದಿದ್ದರು. ನಿಮ್ಮ ಗೇಟಿಗೆ ಒಳಗಿನಿಂದ ಬೀಗ ಇತ್ತು. ಬೆಲ್ ಒತ್ತಿದೆ. ಕಿಟಕಿ ತೆರೆದಿತ್ತು, ನೀವು ಬೆನ್ನು ಹಾಕಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಿರಿ. ಟಿವಿಯ ಮಾತು ರಸ್ತೆಗೆ ಕೇಳುತ್ತಿತ್ತು. ಕರೆದೆ. ಕೂಗಿದೆ. ಉಮ್ಮ ಗೇಟಿಗೆ ಕಲ್ಲಿನಿಂದ ಬಡಿದರು. ನೀವು ತಿರುಗಲಿಲ್ಲ. "ಬನ್ನಿ ಎಂದು ಬರೆದು ಹೀಗೆ ಮಾಡುತ್ತಾರಾ," ಎಂದು ಉಮ್ಮನಿಗೆ ಅಳು ಬಂತು.

ನೆರೆಯ ಸರಸಕ್ಕ ಓಡಿ ಬಂದರು. ಬನ್ಸ್ ಬಂದ ಮೊದಲ ವಾರ ಗಂಟಲು ಹರಿಯುವ ಹಾಗೆ ಬೊಗಳುತ್ತಿದ್ದನಂತೆ, ನೀವು ಒಮ್ಮೆಯೂ ತಿರುಗಿ ನೋಡಲಿಲ್ಲವಂತೆ, ಆಮೇಲೆ ಅವನಾಗಿಯೇ ನಿಲ್ಲಿಸಿದನಂತೆ. ಮೀನಿನವನು ಈಗಲೂ ದಿನಾ ಬಂದು ಹಾರ್ನ್ ಹೊಡೆದು ಹೋಗುತ್ತಾನಂತೆ. ವಿಜೇತಾ ಮರಿಗಳನ್ನು ತಂದು, ನೀವು ಮನೆಯಲ್ಲಿ ಇಲ್ಲ ಎಂದು ಹಿಂದೆ ಹೋದಳಂತೆ. ಯಾರೂ ನಿಮಗೆ ಹೇಳಲಿಲ್ಲವಾ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. "ಟೆಲಿಫೋನ್ ಮೋಹಿನಿಗೆ ಕಿವಿ ಕೇಳುವುದಿಲ್ಲ ಎಂದು ಹೇಳುವುದು ಯಾರು ಮಾರಾಯ್ರೆ?"

ನಾನು ಹೇಳುತ್ತಿದ್ದೇನೆ. ಸರಸಕ್ಕ ಹಿಂದಿನ ಬಾಗಿಲಿನಿಂದ ಹೋಗಿ ನಿಮ್ಮನ್ನು ಕರೆಯುತ್ತೇನೆ ಎಂದರು, ನಾನೇ ಬೇಡ ಎಂದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಅವನಿಗೆ ಕಲಿಸಿದವರು ನೀವು ಅಕ್ಕ. ಕಾರ್ಕಳದ ಆ ಮನುಷ್ಯ ಅಲೆವೂರಿನಲ್ಲಿ ಇದ್ದಾರೆ.

ಡಬ್ಬ ಸರಸಕ್ಕನ ಮನೆಯಲ್ಲಿ ಉಂಟು.

ನಿಮ್ಮ,
ಹಫೀಝಾ


ಅಲೆವೂರು
24 ಜನವರಿ 2025

ಹಫೀಝಾ ಅವರಿಗೆ,

ನನ್ನ ಕಿವಿಗೆ ಎಂತದ್ದೂ ಆಗಿಲ್ಲ. ಟಿವಿ ಜೋರಾಗಿತ್ತು, ಅಷ್ಟೇ. ನಾಯಿ ಬೇಡವಾದರೆ ನೇರ ಹೇಳಬೇಕು, ನನ್ನ ಕಿವಿಯ ಮೇಲೆ ಹಾಕಬಾರದು. ಅವನನ್ನು ವಿಜೇತಾಳಿಗೆ ಒಪ್ಪಿಸಿ. ಡಬ್ಬ ತೊಳೆದು ಕಳುಹಿಸುತ್ತೇನೆ.

ಇನ್ನು ಪತ್ರ ಬೇಡ.

ಮೋಹಿನಿ ದೇವದಾಸ


ಅಲೆವೂರು
9 ಫೆಬ್ರವರಿ 2025

ಹಫೀಝಾ,

ಪತ್ರ ಬೇಡ ಎಂದವಳೇ ಬರೆಯುತ್ತಿದ್ದೇನೆ. ನಗುವುದಿದ್ದರೆ ನಗಿ.

ನಿಮ್ಮನ್ನು ಸುಳ್ಳು ಮಾಡಬೇಕು ಎಂದು ನಾನೂ ಒಂದು ಪರೀಕ್ಷೆ ಮಾಡಿದೆ. ಕುಕ್ಕರಿನಲ್ಲಿ ಕಡಲೆ ಇಟ್ಟು, ಟಿವಿ ಆರಿಸಿ, ಎದುರಿನಲ್ಲಿಯೇ ಸ್ಟೂಲ್ ಹಾಕಿ ಕೂತೆ. ಡೂಪ್ಲಿಕೇಟ್ ಕುಕ್ಕರು ಎಂದು ಬೈದಿದ್ದೆನಲ್ಲ, ಅದೇ. ಸ್ವಲ್ಪ ಹೊತ್ತಿಗೆ ಮುಚ್ಚಳದ ಮೇಲಿನ ವೆಯ್ಟ್ ಅಲ್ಲಾಡಿತು. ಎದ್ದು ನಿಂತಿತು. ಬಿಳಿ ಹಬೆ ಮಾಡಿನ ತನಕ ಹಾರಿತು. ನಾನು ನೋಡುತ್ತಾ ಕೂತೆ. ಶಿಳ್ಳೆ ಕಂಡಿತು ಹಫೀಝಾ, ಕೇಳಲಿಲ್ಲ.

ಎರಡನೆಯದು ಬಂತು, ಮೂರನೆಯದೂ ಬಂತು. ಒಲೆ ಆರಿಸಿ ಅಲ್ಲೇ ಕೂತು ಅತ್ತೆ. ಮನೆಯಲ್ಲಿ ಅಷ್ಟು ದೊಡ್ಡ ಶಿಳ್ಳೆ, ನನಗೆ ಮಾತ್ರ ಇಲ್ಲ.

ಸಂಜೆ ಸರಸಳ ಮನೆಗೆ ಹೋಗಿ, "ನಿನಗೆ ಎಷ್ಟು ಸಮಯದಿಂದ ಗೊತ್ತುಂಟು?" ಎಂದು ಕೇಳಿದೆ. ಅವಳೂ ಅತ್ತಳು. ಅವಳೇ ಮಣಿಪಾಲಕ್ಕೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರು, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಹೆಡ್‌ಫೋನ್ ಹಾಕಿದ ಕೂಡಲೇ ನನ್ನ ಬಾಯಿಯಿಂದ "ನಂಬರ್ ಪ್ಲೀಸ್" ಎಂದು ಬರುವುದರಲ್ಲಿತ್ತು. ಒತ್ತಲಿಕ್ಕೆ ಕಾದು ಕೂತೆ, ಬಹಳ ಹೊತ್ತು ಯಾವ ಲೈನೂ ಬರಲಿಲ್ಲ. ಒಂದು ಮಷೀನ್ ಬರೆದುಕೊಟ್ಟಿದ್ದಾರೆ. ಅರ್ಧದಷ್ಟು ಕೇಳಬಹುದಂತೆ. ಎದುರಿಗೆ ನಿಂತವರ ತುಟಿ ನೋಡಿಯೇ ನಾನು ಇಷ್ಟು ದಿನ ಮಾತು ತಿಳಿಯುತ್ತಿದ್ದೆನಂತೆ.

ಕಿವಿ ಹೋದದ್ದು ಅಷ್ಟು ದೊಡ್ಡ ವಿಷಯವಲ್ಲ, ವಯಸ್ಸಾಯಿತು. ನನಗಿಂತ ಮುಂಚೆ ಅವನಿಗೆ ಗೊತ್ತಿತ್ತು, ನೋಡಿ, ಅದೇ ನನ್ನನ್ನು ಕೊಲ್ಲುತ್ತದೆ. ಬೊಗಳಿ ನೋಡಿದ, ಈ ಹೆಂಗಸಿಗೆ ಇದು ಆಗುವುದಿಲ್ಲ ಎಂದು ಬೇರೆ ದಾರಿ ಹುಡುಕಿದ. ಇಡೀ ದಿನ ಎರಡು ಜನರ ಕೆಲಸ ಮಾಡಿದ, ಬಾಯಿಯನ್ನೇ ಮುಚ್ಚಿಕೊಂಡ. ನಾನು ಅವನನ್ನು ಸಾಕುತ್ತಿದ್ದೇನೆ ಎಂದು ಎಲ್ಲರ ಹತ್ತಿರ ಕೊಚ್ಚಿಕೊಂಡೆ, ಆಮೇಲೆ ಕಾರಿಗೆ ಹತ್ತಿಸಿ ಕಳುಹಿಸಿದೆ.

ಅವನನ್ನು ವಿಜೇತಾಳಿಗೆ ಕೊಟ್ಟಿಲ್ಲ ತಾನೇ? ಕೊಡಬೇಡಿ. ನಾನು ಸಿಟ್ಟಿನಲ್ಲಿ ಬರೆದದ್ದು. ಉಮ್ಮನಿಗೆ ಅವನು ಒಗ್ಗಿದ್ದಾನೆ, ಲೋಟ ಉಂಟು, ಮೀನು ಉಂಟು, ಅಲ್ಲಿಯೇ ಇರಲಿ. ನಾನು ಅವನನ್ನು ಕೇಳುತ್ತಿಲ್ಲ. ಇಟ್ಟುಕೊಳ್ಳುವುದಿಲ್ಲ ಎಂದು ಇಷ್ಟು ವರ್ಷ ಹೇಳಿದವಳು ಈಗ ಯಾವ ಬಾಯಿಯಲ್ಲಿ ಕೇಳಲಿ?

ತುಪ್ಪದ ತಿಂಡಿ ಬಹಳ ಚೆನ್ನಾಗಿತ್ತು. ಗೇಟಿನಲ್ಲಿ ಅತ್ತುಹೋದವರಿಗೆ ನನ್ನ ಕ್ಷಮೆ ಹೇಳಿ.

ಇತಿ,
ಮೋಹಿನಿ


ಕಾಪು
20 ಫೆಬ್ರವರಿ 2025

ಮೋಹಿನಿ ಅಕ್ಕನಿಗೆ ಸಲಾಂ,

ಮೊದಲು ನಾಯಿಗೆ ನೀರು ಕೊಡಿ, ಆಮೇಲೆ ಈ ಪತ್ರ ಓದಿ.

ನಿಮ್ಮ ಪತ್ರ ಬಂದ ದಿನ ಉಮ್ಮನಿಗೆ ಓದಿ ಹೇಳಿದೆ. ಅವರು ಜನವರಿಯ ಆ ಹಳೆಯ ಪತ್ರವನ್ನೂ ತರಿಸಿ ಮತ್ತೊಮ್ಮೆ ಓದಿಸಿದರು. "ನಿಮಗೆ ಅವನು ಕಾವಲುಗಾರ, ಅವರಿಗೆ ಅವನು ಕಿವಿ" ಎಂಬಲ್ಲಿ ನಿಲ್ಲಿಸು ಎಂದರು. "ನ್ಯಾಯ ಬರೆದವರು ಅವರೇ. ಇನ್ನು ಮಾತು ಎಂತದ್ದು?" ಎಂದು ಎದ್ದು ಒಳಗೆ ಹೋದರು. ಅವತ್ತು ಅವನಿಗೆ ಬಂಗುಡೆ ಮೀನು ಇಡೀದೇ ಸಿಕ್ಕಿತು.

ನೀವು ಎಂತ ಹೇಳುತ್ತೀರಿ ಎಂದು ನನಗೆ ಗೊತ್ತುಂಟು, ಅದಕ್ಕೆ ಉತ್ತರವನ್ನೂ ಉಮ್ಮನೇ ಕೊಟ್ಟಿದ್ದಾರೆ. ಮಷೀನ್ ಬರುತ್ತದಲ್ಲ, ನಾಯಿ ಯಾಕೆ ಎಂದರೆ, ಮಷೀನನ್ನು ಮಲಗುವಾಗ ತೆಗೆದಿಡಬೇಕು, ನಾಯಿಯನ್ನು ತೆಗೆದಿಡಬೇಕೆಂದಿಲ್ಲ. ಸಾಕುವವರು ಇಟ್ಟುಕೊಳ್ಳಬಾರದು ಎಂದರೆ, ಸಾಕಿದ್ದು ನಾವು. ನವೆಂಬರಿನಿಂದ ಇವತ್ತಿನ ತನಕ, ಕಾಯಂ ಮನೆ ಸಿಗುವವರೆಗೆ, ನಮ್ಮ ಅಂಗಳದಲ್ಲಿ ಇದ್ದ. ಈಗ ಮನೆ ಸಿಕ್ಕಿತು, ಕೊಡುತ್ತಿದ್ದೇವೆ. ಮುಂದೆ ಬರುವವಕ್ಕೆ ಬಾಗಿಲು ಮುಚ್ಚುತ್ತದೆ ಎಂದರೆ, ಆ ಬಾಗಿಲು ಈಗ ಕಾಪುವಿನಲ್ಲಿ ಉಂಟು. ವಿಜೇತಾಳ ಎರಡು ಮರಿಗಳು ಸೋಮವಾರವೇ ಬಂದಿವೆ. ಒಂದರ ಹೆಸರು ಬಂಗುಡೆ, ಇನ್ನೊಂದರ ಹೆಸರು ಉಮ್ಮನ ಚಪ್ಪಲಿ. ಮೊದಲು ತಿಂದದ್ದೇ ಹೆಸರು ಅಲ್ವಾ? ಎರಡೂ ತಮ್ಮ ನೆರಳಿಗೇ ಬೊಗಳುತ್ತವೆ. ಉಮ್ಮನಿಗೆ ತಲೆನೋವು, ಬೊಗಳದ ನಾಯಿಯೇ ಚಂದ ಇತ್ತು ಎನ್ನುತ್ತಾರೆ.

ಪದ್ಧತಿ ಪದ್ಧತಿಯೇ, ಮೂರು ಪ್ರಶ್ನೆ ಕೇಳುತ್ತೇನೆ. ಗೇಟಿನ ಬೀಗವನ್ನು ಹಗಲು ಹೊತ್ತು ತೆಗೆದಿಡುತ್ತೀರಾ? ನೀವು ಕಾಪುವಿಗೆ ಬರುವಾಗ ಅವನನ್ನು ಬಿಟ್ಟು ಬರುವುದಿಲ್ಲವಲ್ಲ? ನೀವು ಮುದಿಯಾದ ಮೇಲೂ ಅವನು ನಿಮ್ಮನ್ನು ಇಟ್ಟುಕೊಳ್ಳಬಹುದಾ?

ಅವನ ಸ್ವಭಾವ ಬರೆಯುತ್ತೇನೆ, ನಿಜವನ್ನೇ ಬರೆಯುತ್ತೇನೆ. ಲೋಟಗಳನ್ನು ಕಳುಹಿಸಿಲ್ಲ, ಅವು ನಿಮಗೆ ಪ್ರಯೋಜನ ಇಲ್ಲ. ಮೆಟ್ಟಿಲಿನ ಹತ್ತಿರವೇ ತೂಗಲಿ ಎಂದು ಉಮ್ಮ ಹೇಳಿದರು. ಇದನ್ನು ಬರೆಯುತ್ತಿರುವಾಗ ಲೋಟ ಗಾಳಿಗೆ ಕಿಣಿ ಎಂದಿತು, ಉಮ್ಮ ಮೀನಿನ ತುಂಡು ಹಿಡಿದು ಎದ್ದೇಬಿಟ್ಟರು, ಅವನು ಆಗಲೇ ವಿಜೇತಾಳ ಕಾರಿನಲ್ಲಿ ಕೂತಿದ್ದಾನೆ. ಮೂಗು ಒತ್ತುವುದನ್ನು ಅವನು ಮರೆತಿದ್ದಾನಾ ಎಂದು ನಿಮಗೆ ಅನುಮಾನ ಬರಬಹುದು. ಮರೆತಿರಲಿಕ್ಕಿಲ್ಲ. ಯಾರಿಗೆ ಲೋಟ, ಯಾರಿಗೆ ಮೊಣಕಾಲು ಎಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತುಂಟು. ಇದರ ಜೊತೆ ಉಮ್ಮನ ಹಳೆಯ ಸೀರೆಯ ಒಂದು ತುಂಡು ಉಂಟು, ಏಳು ಸಲ ತೊಳೆದದ್ದು. ಅವನು ಮಲಗುವಲ್ಲಿ ಹಾಸಿ.

ಉಮ್ಮ ಅಳಲಿಲ್ಲ ಎಂದು ಅವನಿಗೆ ಹೇಳಿ. ಅದು ಸುಳ್ಳು.

ರಂಜಾನ್ ಶುರುವಾಗುವ ಮುಂಚೆ, ಬರುವ ಆದಿತ್ಯವಾರ ಬೆಳಿಗ್ಗೆ, ನಾವಿಬ್ಬರೂ ಅಲೆವೂರಿಗೆ ಬರುತ್ತೇವೆ. ಈ ಸಲ ನಾನು ಬೆಲ್ ಒತ್ತುವುದಿಲ್ಲ, ಕರೆಯುವುದಿಲ್ಲ, ಉಮ್ಮ ಕಲ್ಲು ಹಿಡಿಯುವುದಿಲ್ಲ. ಗೇಟಿನ ಹೊರಗೆ ಸುಮ್ಮನೆ ನಿಂತಿರುತ್ತೇವೆ. ನಿಮ್ಮ ಮೊಣಕಾಲಿನ ಹಿಂದೆ ಒದ್ದೆಯಾದರೆ ಎದ್ದು ಬನ್ನಿ.

ನಿಮ್ಮ,
ಹಫೀಝಾ